ಎಡಿಟ್ ಮಾಡಿದ ಹುಡುಗನ ಹೆಸರೇನು?

ವೀಕ್ಷಕರೇ, ವಾಡಿಯಲ್ಲೋ ಚಿಂಚೋಳಿಯಲ್ಲೋ ಒಬ್ಬ ಹುಡುಗ ನಿದ್ದೆಗೆಟ್ಟು ತನ್ನ ಹೀರೋನ ವಿಡಿಯೋ ಎಡಿಟ್ ಮಾಡಿದ ಅಂದ್ಕೊಳ್ಳಿ. ಮೊಬೈಲೇ ಸ್ಟುಡಿಯೋ. ಬೆಳಗಾಗೋಷ್ಟರಲ್ಲಿ ದೊಡ್ಡ ಫ್ಯಾನ್ ಪೇಜ್ ಒಂದು ಅದನ್ನ ಎತ್ಕೊಂಡು, ಮೂಲೆಯಲ್ಲಿದ್ದ ಅವನ ಹೆಸರು ಕತ್ತರಿಸಿ ತನ್ನ ಲೋಗೋ ಅಂಟಿಸಿರುತ್ತೆ. ಲೈಕು ಸಾವಿರಾರು. ಕೇಳಿದ್ರೆ, ‘ಅಭಿಮಾನಕ್ಕೆ ಮಾಡಿದ್ದಲ್ವಾ, ಹೆಸರು ಯಾಕಪ್ಪಾ?’ ಅಂತಾರೆ. ಅಭಿಮಾನ ಇದ್ದವನಿಗೆ ಹೆಸರು ಇರಬಾರದಾ ಸ್ವಾಮಿ?

ಆ ಸೀಮೆಗೆ ಇದು ಹೊಸದೂ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದ್ರೆ ಇದೇ. ಸುಮಾರು 850ರ ಹೊತ್ತಿಗೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು ‘ಕವಿರಾಜಮಾರ್ಗ’, ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ. 1898ರಲ್ಲಿ ಕೆ.ಬಿ. ಪಾಠಕರು ಅದನ್ನ ಅಚ್ಚಿಗೆ ತಂದಾಗ ನೃಪತುಂಗನ ಹೆಸರಲ್ಲೇ ಬಂತು. ರಾಜನ ಹೆಸರು, ಜನ ಒಪ್ಕೊಂಡ್ರು. ಗ್ರಂಥದೊಳಗೆ ನೋಡಿದ್ರೆ, ಇದು ನೃಪತುಂಗನಿಗೆ ಒಪ್ಪಿಗೆಯಾದದ್ದು ಅಂತಿದೆ. ಅಂದ್ರೆ ರಾಜ ಲೈಕ್ ಕೊಟ್ಟಿದ್ದ, ಅಷ್ಟೇ! ಬರೆದವನು ಶ್ರೀವಿಜಯ ಅಂತ ಸಾಧಿಸೋಕೆ ವಿದ್ವಾಂಸರು ದಶಕಗಟ್ಟಲೆ ವಾದ ಮಾಡಬೇಕಾಯ್ತು. ಇವತ್ತು ಬಹುತೇಕರು ಒಪ್ಪಿದ್ದಾರೆ. ಆದ್ರೂ ಬೀದಿಯಲ್ಲಿ ಕೇಳಿ ನೋಡಿ, ಇನ್ನೂ ನೃಪತುಂಗ ಅಂತಲೇ ಹೇಳೋರು ಸಿಗ್ತಾರೆ.

ಶ್ರೀವಿಜಯ ಮತ್ತೆ ಸಿಕ್ಕಿದ್ದು ಹೇಗೆ? ಹೆಸರನ್ನ ಕೃತಿಯ ಒಳಗೇ ಸೇರಿಸಿಟ್ಟಿದ್ದ. ಅದಕ್ಕೇ ತಮ್ಮಾ, ಇನ್ಮೇಲೆ ಮೂಲೆಯಲ್ಲಿ ಬೇಡ, ಫ್ರೇಮಿನ ನಟ್ಟನಡುವೆ ಹಾಕು ನಿನ್ನ ಹೆಸರು. ಕತ್ತರಿಸಿದ್ರೆ ಹೀರೋ ಮುಖಾನೂ ಹೋಗಲಿ.