ಹೊಸಬರ ಸ್ವಾಗತವೂ ಕಾಯಕಧರ್ಮವೂ

(ಆನವಟ್ಟಿಯಲ್ಲಿ ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಂಗಳಮಹೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಯಿತು. ಧರ್ಮತತ್ತ್ವಗಳನ್ನು ಕುರಿತು ಉಪದೇಶಿಸುವ ಅಧಿಕಾರವು ನನಗಿಲ್ಲ. ಬಹುಕಾಲ ವಿದ್ಯಾಸಂಸ್ಥೆಗಳ ಕಚೇರಿಗಳಲ್ಲಿ ಕಡತಗಳ ನಡುವೆ ಬಾಳಿದವನಾದುದರಿಂದ, ನಾನು ಕಂಡುಂಡ ವಿಷಯವೊಂದನ್ನೇ ತಮ್ಮಲ್ಲಿ ಬಿನ್ನವಿಸಿಕೊಳ್ಳುವೆನು. ವಿಶ್ವವಿದ್ಯಾನಿಲಯಕ್ಕೆ ಹೊಸದಾಗಿ ನೌಕರಿಗೆ ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕು, ಅವರನ್ನು ಕೆಲಸದಲ್ಲಿ ಹೇಗೆ ನೆಲೆಗೊಳಿಸಬೇಕು ಎಂಬುದೇ ಆ ವಿಷಯ.

ಮಠದ ಸಭೆಯಲ್ಲಿ ಈ ಪ್ರಸ್ತಾಪವೇಕೆಂದು ಕೆಲವರಿಗೆ ತೋರಬಹುದು. ನಮ್ಮ ಜಿಲ್ಲೆಯ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಿದೆ. ಅದು 1987ರಲ್ಲಿ ಸ್ಥಾಪಿತವಾದುದು. 2012ರಲ್ಲಿ ಆರಂಭವಾದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಕೆಳದಿಯ ಶಿವಪ್ಪನಾಯಕನ ಹೆಸರನ್ನು ಧರಿಸಿ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ನೆಲೆಗೊಂಡಿದೆ. ಸೊರಬ ಶಿಕಾರಿಪುರಗಳ ಮಕ್ಕಳು ಇಂತಹ ಸಂಸ್ಥೆಗಳಿಗೆ ಓದಲು ಹೋಗುವಂತೆಯೇ ದುಡಿಯಲೂ ಹೋಗುತ್ತಾರೆ. ಅಲ್ಲಿ ಹಿರಿಯ ಹುದ್ದೆಗಳಲ್ಲಿರುವವರೂ, ನಾಳೆ ಹೊಸಬರಾಗಿ ಹೋಗಲಿರುವವರ ತಂದೆತಾಯಿಗಳೂ ಈ ಮಠದ ಭಕ್ತರಲ್ಲಿರಬಹುದು. ಆದುದರಿಂದ ಈ ಮಾತು ಇಬ್ಬರಿಗೂ ಸಲ್ಲತಕ್ಕದ್ದು.

ವಿದ್ಯಾಸ್ಥಾನಕ್ಕೆ ಹೊಸಬನಾಗಿ ಹೋದವನ ಕಥೆಯೊಂದು ನಮ್ಮ ನೆರೆಯಲ್ಲಿಯೇ ಕಲ್ಲಿನಲ್ಲಿ ಬರೆದು ನಿಂತಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಸ್ತಂಭಶಾಸನವನ್ನು ತಮ್ಮಲ್ಲಿ ಅನೇಕರು ನೋಡಿರುವಿರಿ. ಐದನೆಯ ಶತಮಾನದ ಆ ಶಾಸನವು ಕದಂಬರ ಮೂಲಪುರುಷನಾದ ಮಯೂರಶರ್ಮನ ವೃತ್ತಾಂತವನ್ನು ಹೇಳುತ್ತದೆ. ಆತನು ಗುರುವಾದ ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ಹೋಗಿ, ಅಲ್ಲಿನ ಘಟಿಕಾಸ್ಥಾನವನ್ನು ವಿದ್ಯಾರ್ಜನೆಗಾಗಿ ಸೇರಿದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಕಲಹವುಂಟಾಗಿ, ಅವಮಾನದಿಂದ ನೊಂದು, ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದನು. ಮಯೂರನು ವಿದ್ಯಾರ್ಥಿಯೇ ಹೊರತು ನೌಕರನಲ್ಲ. ಅವನನ್ನು ನೋಯಿಸಿದವರು ಗುರುಗಳೂ ಅಲ್ಲ. ಆದರೂ ಪರಸ್ಥಳಕ್ಕೆ ಹೋದವನ ಮನಸ್ಸು ಎಷ್ಟು ಮೃದುವಾಗಿರುತ್ತದೆ, ಅದಕ್ಕೆ ತಾಗಿದ ಪೆಟ್ಟು ಎಷ್ಟು ಆಳಕ್ಕಿಳಿಯುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು. ಮಯೂರನು ರಾಜ್ಯವನ್ನೇ ಕಟ್ಟಿದನು. ಸಾಮಾನ್ಯರಾದ ನಮ್ಮ ಮಕ್ಕಳು ರಾಜ್ಯವನ್ನು ಕಟ್ಟಲಾರರು, ಮೌನವಾಗಿ ಕುಗ್ಗಿಹೋಗುತ್ತಾರೆ.

ಇದಕ್ಕೆ ಪ್ರತಿಯಾದ ಇನ್ನೊಂದು ಕಥೆಯೂ ಈ ನೆಲದ್ದೇ. ಉಡುತಡಿಯ ಅಕ್ಕಮಹಾದೇವಿಯವರು ಕಲ್ಯಾಣದ ಅನುಭವಮಂಟಪಕ್ಕೆ ಬಂದ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತಾರವಾಗಿ ನಿರೂಪಿಸುತ್ತದೆ. ಅಲ್ಲಿ ಅವರನ್ನು ಎದುರುಗೊಂಡು ಕಠಿನವಾದ ಪ್ರಶ್ನೆಗಳನ್ನು ಕೇಳಿದವರು ನಮ್ಮ ಬಳ್ಳಿಗಾವೆಯ ಅಲ್ಲಮಪ್ರಭುಗಳು. ಪ್ರಭುಗಳ ಪರೀಕ್ಷೆಯು ಸಡಿಲವಾದುದಲ್ಲ. ಆದರೆ ಅದು ಬಂದವರ ಅಂತರಂಗವನ್ನು ಎಲ್ಲರಿಗೂ ತೋರಿಸಿಕೊಡುವುದಕ್ಕಾಗಿ ನಡೆದ ಪರೀಕ್ಷೆ. ಅದು ಮುಗಿದೊಡನೆ ಸಕಲ ಶರಣರೂ ಆ ಹರೆಯದ ಹೆಣ್ಣುಮಗಳನ್ನು ಅಕ್ಕನೆಂದು ಕೈಮುಗಿದು ಒಳಕ್ಕೆ ಬರಮಾಡಿಕೊಂಡರು. ಪರೀಕ್ಷೆಯೂ ಇತ್ತು, ಪ್ರೀತಿಯೂ ಇತ್ತು. ಒಂದು ಇನ್ನೊಂದನ್ನು ಕೆಡಿಸಲಿಲ್ಲ.

ಇಂದಿನ ನೌಕರಿಯಲ್ಲಿಯೂ ಪರೀಕ್ಷೆಯುಂಟು. ನಮ್ಮ ರಾಜ್ಯದ ಸರ್ಕಾರಿ ಸೇವೆಗೆ ಸೇರಿದವರಿಗೆ, 1977ರ ನಿಯಮಗಳಂತೆ, ಸಾಮಾನ್ಯವಾಗಿ ಎರಡು ವರ್ಷಗಳಿಗೆ ಕಡಿಮೆಯಿಲ್ಲದ ಪರೀಕ್ಷಾವಧಿಯು ಗೊತ್ತಾಗಿದೆ. ಅವಧಿಯನ್ನು ಲೆಕ್ಕ ಹಾಕಲು ನಾವು ಮರೆಯುವುದಿಲ್ಲ. ಆ ಅವಧಿಯಲ್ಲಿ ಕಲಿಸಬೇಕಾದುದನ್ನು ಕಲಿಸಲು ಮಾತ್ರ ಮರೆಯುತ್ತೇವೆ. ಕಲಿಸದೆ ಪರೀಕ್ಷಿಸುವುದು ಯಾವ ನ್ಯಾಯ?

ಸ್ವಂತ ಅನುಭವವನ್ನು ಹೇಳುವುದಕ್ಕೆ ಕ್ಷಮೆಯಿರಲಿ. ನಾನು ಗುಮಾಸ್ತನಾಗಿ ಮೊದಲು ಸೇರಿದ ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತಿದ್ದೆನು. ಕುರ್ಚಿಯಿರಲಿಲ್ಲ, ಕೆಲಸವನ್ನು ಹೇಳುವವರಿರಲಿಲ್ಲ. ಒಬ್ಬ ಹಿರಿಯರು ಬಂದು ಕೇಳಿದ ಮೊದಲನೆಯ ಪ್ರಶ್ನೆ, "ನೀವು ಯಾವ ಪೈಕಿ?" ಎಂಬುದು. ನನ್ನ ಉತ್ತರವು ಅವರಿಗೆ ಹಿಡಿಸಿದಂತೆ ಕಾಣಲಿಲ್ಲ. ಎರಡನೆಯ ಪ್ರಶ್ನೆಯನ್ನು ಕೇಳದೆ ಹೊರಟುಹೋದರು. ನೀರು ತಂದುಕೊಟ್ಟು, ಊಟದ ಸ್ಥಳವನ್ನು ತೋರಿಸಿ, ಯಾವ ಬೀರುವಿನಲ್ಲಿ ಯಾವ ಪುಸ್ತಕವಿದೆಯೆಂದು ಹೇಳಿದವನು ಆ ಕಚೇರಿಯ ಜವಾನ. ನನ್ನ ಮೊದಲ ಗುರುವು ಅವನೇ. ಆದರೆ ಶುಲ್ಕದ ಪುಸ್ತಕವನ್ನು ಬರೆಯುವ ಕ್ರಮವು ಅವನಿಗೆ ತಿಳಿಯದು, ನನಗೂ ತಿಳಿಯದು. ನಾನು ತಪ್ಪಾಗಿ ಬರೆದ ಒಂದು ಸಾಲಿನಿಂದ ಬಡವಿದ್ಯಾರ್ಥಿಯೊಬ್ಬನಿಗೆ ಪರೀಕ್ಷೆಯ ಪ್ರವೇಶಪತ್ರವು ತಡೆಯಾಯಿತು. ದೂರದ ಹಳ್ಳಿಯಿಂದ ಎರಡು ಸಾರಿ ಬಂದು ಬರಿಗೈಯಲ್ಲಿ ಹಿಂದಿರುಗಿದ ಆ ಹುಡುಗನ ಮುಖವನ್ನು ನಾನು ಇಂದಿಗೂ ಮರೆತಿಲ್ಲ. ಹೊಸಬನಿಗೆ ಕಲಿಸದ ಸಂಸ್ಥೆಯ ಸಾಲವನ್ನು ತೀರಿಸುವವನು ಕೊನೆಗೆ ವಿದ್ಯಾರ್ಥಿಯೇ.

ಹಾಗಾದರೆ ಮಾಡತಕ್ಕುದೇನು? ಹಾರತುರಾಯಿಗಳೂ ಭಾಷಣಗಳೂ ಮುಖ್ಯವಲ್ಲ. ಬರುವವನಿಗಾಗಿ ಮೇಜು ಕುರ್ಚಿಗಳು ಮೊದಲೇ ಸಿದ್ಧವಾಗಿರಲಿ. ಶಂಕರಘಟ್ಟದಂತೆ ಪಟ್ಟಣದಿಂದ ದೂರವಿರುವ ಸ್ಥಳಗಳಲ್ಲಿ ಮನೆ ಎಲ್ಲಿ ದೊರೆಯುವುದು, ಬಸ್ಸು ಯಾವ ಹೊತ್ತಿಗೆ, ಮಕ್ಕಳ ಶಾಲೆ ಎಲ್ಲಿ ಎಂಬುದನ್ನು ಬರುವ ಮೊದಲೇ ತಿಳಿಸಲಿ. ಅವನ ಕೆಲಸವೇನು, ಯಾರಿಗೆ ಉತ್ತರ ಹೇಳಬೇಕು, ರಜೆಯ ನಿಯಮವೇನು, ಸೇವಾಪುಸ್ತಕದಲ್ಲಿ ಏನು ದಾಖಲಾಗುತ್ತದೆ ಎಂಬುದನ್ನು ಬರಹದಲ್ಲಿ ಕೊಡಲಿ. ಮೊದಲ ಆರು ತಿಂಗಳು ಕೇಳಿದುದಕ್ಕೆ ಬೇಸರಿಸದೆ ಉತ್ತರಿಸುವ ಹಿರಿಯ ಸಂಗಾತಿಯೊಬ್ಬನನ್ನು ಗೊತ್ತುಮಾಡಲಿ. ಹೆಣ್ಣುಮಕ್ಕಳಿಗೆ, 2013ರ ಕಾಯಿದೆಯಂತೆ ಇರಬೇಕಾದ ಆಂತರಿಕ ದೂರು ಸಮಿತಿಯಲ್ಲಿ ಯಾರಿದ್ದಾರೆಂಬುದನ್ನು ಮೊದಲ ದಿನವೇ ತಿಳಿಸಲಿ.

ಹೊಸ ಅಧ್ಯಾಪಕರಿಗಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2019ರಲ್ಲಿ 'ಗುರು ದಕ್ಷತಾ' ಎಂಬ ಹೆಸರಿನಲ್ಲಿ ಒಂದು ತಿಂಗಳ ಪ್ರವೇಶಶಿಕ್ಷಣದ ಕ್ರಮವನ್ನು ರೂಪಿಸಿತು. ಇದು ಸ್ತುತ್ಯವಾದುದು. ಆದರೆ ಗುಮಾಸ್ತನಿಗೆ, ಪ್ರಯೋಗಶಾಲೆಯ ಸಹಾಯಕನಿಗೆ, ಕಸಗುಡಿಸುವ ತಾಯಿಗೆ, ವರ್ಷವರ್ಷವೂ ಹೊಸಬರಾಗಿಯೇ ಉಳಿಯುವ ಅತಿಥಿ ಉಪನ್ಯಾಸಕರಿಗೆ ಯಾರು ಸ್ವಾಗತ ಹೇಳುವರು? ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ಮಕ್ಕಳು ನಾವು. ಸ್ವಾಗತದಲ್ಲಿಯೂ ಮೇಲುಕೀಳು ಕೂಡದು.

ಬೀಳ್ಕೊಡುವುದನ್ನು ನಾವು ಚೆನ್ನಾಗಿ ಬಲ್ಲೆವು. 1921ರಲ್ಲಿ ರಾಧಾಕೃಷ್ಣನ್ನರು ಮೈಸೂರಿನ ಪ್ರಾಧ್ಯಾಪಕಪದವಿಯನ್ನು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಗಾಡಿಯನ್ನು ತಾವೇ ಎಳೆದು ರೈಲುನಿಲ್ದಾಣಕ್ಕೆ ಕರೆದೊಯ್ದರೆಂಬುದು ಲೋಕವಿದಿತ. ಹೋಗುವವರಿಗೆ ತೋರುವ ಈ ಪ್ರೀತಿಯಲ್ಲಿ ನಾಲ್ಕಾಣೆಯಷ್ಟನ್ನಾದರೂ ಬರುವವರಿಗೆ ತೋರಿದರೆ ಎಷ್ಟು ಚೆನ್ನ!

ಇನ್ನೊಂದು ಮಾತನ್ನು ನಿಷ್ಠುರವಾದರೂ ಹೇಳಲೇಬೇಕು. "ಯಾವ ಪೈಕಿ" ಎಂದು ಕೇಳುವವರು ಬೇರೆಯವರು ಮಾತ್ರವೆಂದು ನಾವು ತಿಳಿಯುವುದು ಬೇಡ. ನಮ್ಮವರೂ ಕೇಳುತ್ತಾರೆ. ನಮ್ಮ ಹುಡುಗನಾದರೆ ಮನೆಗೆ ಕರೆದು ಊಟವಿಕ್ಕುತ್ತಾರೆ, ಅಲ್ಲವಾದರೆ ಬೆಂಚಿನ ಮೇಲೆ ಕೂರಿಸುತ್ತಾರೆ. ವಿಭೂತಿ ಧರಿಸಿ, ಬಸವಣ್ಣನವರ ಹೆಸರನ್ನು ಹೇಳಿ, ಹೊಸ್ತಿಲಲ್ಲಿ ಕುಲವನ್ನು ಕೇಳುವುದಾದರೆ ಕಲ್ಯಾಣದಲ್ಲಿ ನಡೆದುದೆಲ್ಲ ನಮ್ಮ ಪಾಲಿಗೆ ವ್ಯರ್ಥವಾಯಿತು. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು, ಅಲ್ಲಿ ವೇದ ವ್ಯಾಕರಣಾದಿ ವಿದ್ಯೆಗಳ ಅಧ್ಯಯನದೊಡನೆಯೇ ದೀನರಿಗೂ ಅನಾಥರಿಗೂ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು ಎಂದು ಹೇಳುತ್ತದೆ. ಅದು ಕಾಳಾಮುಖರ ಮಠ. ಆದರೂ ವಿದ್ಯೆಯಿರುವಲ್ಲಿ ಬಂದವರಿಗೆ ಆಶ್ರಯವೂ ಇರಬೇಕೆಂಬ ಪಾಠವು ನಮಗೂ ಪಾಠವೇ. ನಮ್ಮ ಪ್ರಸಾದನಿಲಯಗಳಲ್ಲಿ ಹೊಸ ಹುಡುಗನಿಗೆ ಮೊದಲ ದಿನ ತಟ್ಟೆಯನ್ನೂ ಹಾಸಲು ಸ್ಥಳವನ್ನೂ ತೋರಿಸುವರಲ್ಲವೆ? ವಿಶ್ವವಿದ್ಯಾನಿಲಯಕ್ಕೆ ಬೇಕಾದುದೂ ಅಷ್ಟೇ.

ಹೊಸದಾಗಿ ಹೋಗುವ ತರುಣತರುಣಿಯರಿಗೂ ಒಂದು ಮಾತು. ತಿಳಿಯದುದನ್ನು ಕೇಳಲು ನಾಚಬೇಡಿರಿ. ವೇತನಕ್ಕೆ ಮಾತ್ರ ದುಡಿದರೆ ಅದು ಚಾಕರಿ. ಎದುರಿಗೆ ನಿಂತ ವಿದ್ಯಾರ್ಥಿಯನ್ನು ನೆನೆದು ದುಡಿದರೆ ಅದು ಕಾಯಕ. ಇಂದು ನಿಮ್ಮನ್ನು ಯಾರೂ ಕರೆಯದಿದ್ದರೂ, ಮುಂದೆ ಬರುವವನನ್ನು ನೀವು ಎದ್ದು ಕರೆಯಿರಿ. ಬೆಂಚಿನ ಮೇಲೆ ಕುಳಿತು ನೊಂದವನೇ ಕುರ್ಚಿಯನ್ನು ಸಿದ್ಧಪಡಿಸಬಲ್ಲನು.

ಈ ಮಹೋತ್ಸವದ ನೆನಪಿಗಾಗಿ ಶ್ರೀಮಠದ ಭಕ್ತರು, ತಾವು ದುಡಿಯುವ ಎಡೆಯಲ್ಲಿ ಹೊಸಬರ ಕುಲವನ್ನು ಕೇಳುವುದಿಲ್ಲವೆಂದೂ ಅವರ ಕೆಲಸವನ್ನು ಕಲಿಸುವೆವೆಂದೂ ಸಂಕಲ್ಪಿಸಬೇಕೆಂದು ಬೇಡಿಕೊಳ್ಳುವೆನು.