ಹಳೇ ತೂಕ, ಹೊಸ ಬ್ಯಾಚ್ ನಂಬರ್

ನಾನು ತೀರ್ಥಹಳ್ಳಿ ಕಡೆಯವನು, ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಡೇಟಾಬೇಸ್, ಎಪಿಐ, ಗ್ರಾಫು, ಇಷ್ಟೇ ನನ್ನ ಲೋಕ. ಒಂದು ಪ್ರಾಜೆಕ್ಟಿನ ನೆಪದಲ್ಲಿ ಪುಣೆ ಹೊರಗಿನ ಕೋಳಿ ಮೇವಿನ ಕಾರ್ಖಾನೆಗೆ ಹೋಗಬೇಕಾಯ್ತು. ಅಲ್ಲಿ ನಾನು ಮಾಡಿದ ತಪ್ಪಿನ ಕಥೆ ಇವತ್ತು ಹೇಳ್ತೀನಿ.

ಅಲ್ಲಿ ಎಂಟು ಸಾಮಗ್ರಿ ತೂಗಿ, ಬೆರೆಸಿ, ಸಾವಿರ ಕಿಲೋದ ಒಂದು ಬ್ಯಾಚ್ ಮಾಡ್ತಾರೆ. ಮೆಕ್ಕೆಜೋಳ, ಸೋಯಾ ಹಿಂಡಿಯಿಂದ ಹಿಡಿದು ದುಬಾರಿ ವಿಟಮಿನ್ ಮಿಶ್ರಣದವರೆಗೆ. ತೂಕದ ಯಂತ್ರ ಪ್ರತಿ ಬ್ಯಾಚ್ ಮುಗಿದಾಗ ಸೀರಿಯಲ್ ತಂತಿಯಲ್ಲಿ ಒಂದು ಸಂದೇಶ ಕಳಿಸುತ್ತೆ: ಎರಡು ಅಕ್ಷರ ಬ್ಯಾಚ್ ನಂಬರ್, ಆಮೇಲೆ ತಲಾ ಆರು ಅಕ್ಷರದ ಎಂಟು ತೂಕ. ಒಟ್ಟು 50 ಬೈಟ್. 9600 ಬಾಡ್‌ನಲ್ಲಿ ಅದು ಬರೋಕೆ ಸುಮಾರು 52 ಮಿಲಿಸೆಕೆಂಡ್ ಬೇಕು. ನಗಬೇಡಿ, ಮೇವಿನ ಕಾರ್ಖಾನೆಗೆ ಅಷ್ಟು ಧಾರಾಳ ಸಾಕು.

ಆ ಸಂದೇಶ ಮೊದಲು ಪಿಎಲ್‌ಸಿ ಪಕ್ಕದಲ್ಲಿ ಕೂತಿರೋ ಸೀರಿಯಲ್ ಮಾಡ್ಯೂಲ್‌ಗೆ ಬರುತ್ತೆ. ಸೀಮೆನ್ಸ್ ಎಸ್7-300, ಅದರ ಜೊತೆ ಸಿಪಿ 341. ಅಲ್ಲಿಂದ ಪಿಎಲ್‌ಸಿಯ ಡೇಟಾ ಬ್ಲಾಕ್‌ಗೆ. ನಾನು ಪಿಎಲ್‌ಸಿ ಪ್ರೋಗ್ರಾಂ ಬರೆದ ಹುಡುಗನ ಹತ್ರ ಆ ಡೇಟಾ ಬ್ಲಾಕಿನ ನಂಬರ್ ಕೇಳಿದೆ, ಅವನು ಕೊಟ್ಟ. ಅದರೊಳಗಿನ ಡೇಟಾ ಯಾವಾಗ ಪೂರ್ತಿಯಾಗಿರುತ್ತೆ ಅಂತ ನಾನು ಕೇಳಲಿಲ್ಲ. ಸೆಕೆಂಡಿಗೊಂದು ಸಲ ಓದು, ಬ್ಯಾಚ್ ನಂಬರ್ ಬದಲಾಗಿದ್ರೆ ಉಳಿಸು. ಹತ್ತು ಸಾಲಿನ ಕೋಡ್, ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗೀತು.

ಒಂದು ತಿಂಗಳಾದ ಮೇಲೆ ಮ್ಯಾನೇಜರ್ ರಿಪೋರ್ಟ್ ತೆಗೆದು ನೋಡಿದ್ರೆ ನಾಲ್ಕು ಬ್ಯಾಚ್‌ಗಳ ಮೊತ್ತ ಸಾವಿರಕ್ಕೆ ಹೊಂದ್ತಾ ಇಲ್ಲ. ಒಂದು 1043, ಇನ್ನೊಂದು 968. ನಾಲ್ಕೂ ರಾತ್ರಿ ಪಾಳಿಯವು, ನಾಲ್ಕರಲ್ಲೂ ಒಬ್ಬರೇ ಆಪರೇಟರ್. ಅವರು ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ನಾನು ಕಾಕಾ ಅಂತಿದ್ದೆ. ಯಂತ್ರನ ಮ್ಯಾನುಯಲ್‌ಗೆ ಹಾಕಿ ಮಾಲು ಸರಿಸಿದ್ದಾರೆ ಅನ್ನೋ ಮಾತು ಎದ್ದಿತು. ಸಂಬಳ ಹಿಡೀತಾರೆ ಅಂತ ಆಯ್ತು. ಸಾಕ್ಷಿ ನನ್ನ ಡ್ಯಾಶ್‌ಬೋರ್ಡ್.

ಕಾಕಾ ನನ್ನ ಹತ್ರ ಜಗಳಕ್ಕೆ ಬರಲಿಲ್ಲ. ಜೇಬಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದ್ರು. "ತಮ್ಮಾ, ನಾ ಪ್ರತಿ ಬ್ಯಾಚಿಂದು ಇಲ್ಲಿ ಬರದಿಟ್ಟೀನಿ. ನಿನ್ನ ಕಂಪ್ಯೂಟರ್‌ನ್ಯಾಗ ಕಡೀ ಮೂರು ತೂಕ ಹಿಂದಿನ ಬ್ಯಾಚಿಂದ ಅವ. ನೋಡು."

ನೋಡಿದೆ. ಮೊದಲ ಐದು ತೂಕ ಸರಿ. ಆರು, ಏಳು, ಎಂಟು, ಅಕ್ಷರಶಃ ಹಿಂದಿನ ಬ್ಯಾಚಿನ ಅಂಕಿಗಳು.

ಆ ರಾತ್ರಿ ಮ್ಯಾನುಯಲ್ ಓದಿದೆ, ಆ ಮೊದಲೇ ಓದಬೇಕಿದ್ದದ್ದು. ಮಾಡ್ಯೂಲ್ ಸಂದೇಶವನ್ನ ಪಿಎಲ್‌ಸಿಗೆ ಒಂದೇ ಸಲ ಕೊಡಲ್ಲ, 32 ಬೈಟಿನ ತುಂಡು ಮಾಡಿ ಕೊಡುತ್ತೆ, ಬೇರೆಬೇರೆ ಸ್ಕ್ಯಾನ್‌ಗಳಲ್ಲಿ. ಲೆಕ್ಕ ಹಾಕಿ: ಎರಡು ಬೈಟ್ ಬ್ಯಾಚ್ ನಂಬರ್, ಐದಾರಲ ಮೂವತ್ತು. 32! ತುಂಡು ಸರಿಯಾಗಿ ಐದನೇ ಮತ್ತು ಆರನೇ ತೂಕದ ನಡುವೆ ಬಿದ್ದಿದೆ. ಮಧ್ಯದ ಅಂಕಿಯಲ್ಲಿ ಕತ್ತರಿಸಿದ್ರೆ ವಿಚಿತ್ರ ಸಂಖ್ಯೆ ಬಂದು ಮೊದಲ ವಾರದಲ್ಲೇ ಸಿಕ್ಕಿಬೀಳ್ತಿತ್ತು. ಹೊಸ ನಂಬರ್ ಮೊದಲ ತುಂಡಲ್ಲೇ ಇರೋದ್ರಿಂದ, ಎರಡನೇ ತುಂಡು ಬರೋ ಮುಂಚೆ ನನ್ನ ಕೋಡ್ ಓದಿದ್ರೆ "ಹೊಸ ಬ್ಯಾಚ್" ಅಂತ ಖುಷಿಯಾಗಿ ಉಳಿಸಿಬಿಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕಮಿಟ್ ಆಗೋ ಮುಂಚಿನ ಡರ್ಟಿ ರೀಡ್.

ಸ್ಕ್ಯಾನ್ ಸುಮಾರು 20 ಮಿಲಿಸೆಕೆಂಡ್, ನಾನು ಓದೋದು ಸೆಕೆಂಡಿಗೊಮ್ಮೆ. ಅಂದ್ರೆ ನೂರು ಬ್ಯಾಚಿಗೆ ಎರಡು ಕೆಡ್ತಿತ್ತು, ಹಗಲೂ ಕೆಡ್ತಿತ್ತು! ಆದ್ರೆ ಹಗಲು ಒಂದೇ ರೆಸಿಪಿ ಓಡುತ್ತೆ, ಹಳೇ ತೂಕಕ್ಕೂ ಹೊಸದಕ್ಕೂ ಹೆಚ್ಚೇನು ಫರಕ್ಕಿಲ್ಲ. ರೆಸಿಪಿ ಬದಲಾಯಿಸೋದೆಲ್ಲ ರಾತ್ರಿ, ಎಂಟು ಹತ್ತು ಸಲ. ಬದಲಾದ ಮೊದಲ ಬ್ಯಾಚಲ್ಲಿ ಕೆಟ್ಟರೆ ಮಾತ್ರ ಕಣ್ಣಿಗೆ ಬೀಳುತ್ತೆ. ಹಾಗಾಗಿ ರಾತ್ರಿ ಪಾಳಿ ಕಳ್ಳ ಆಯ್ತು.

ಸರಿ ಮಾಡೋಕೆ ಹೋಗಿ ಮತ್ತೊಂದು ಎಡವಟ್ಟು. ಸಂದೇಶ ಪೂರ್ತಿ ಬಂತು ಅಂತ ತಿಳಿಸೋ ಎನ್‌ಡಿಆರ್ ಅನ್ನೋ ಬಿಟ್ ಇದೆ, ಅದನ್ನ ಡ್ಯಾಶ್‌ಬೋರ್ಡಿಂದಲೇ ಓದೋಣ ಅಂತ ಹೊರಟೆ. ಅದು ಒಂದೇ ಸ್ಕ್ಯಾನ್ ಉರಿದು ಆರಿಹೋಗುತ್ತೆ, ಹೊರಗಿಂದ ಸೆಕೆಂಡಿಗೊಮ್ಮೆ ಇಣುಕಿದ್ರೆ ಎಲ್ಲಿ ಸಿಗ್ಬೇಕು? ಕೊನೆಗೆ ಪಿಎಲ್‌ಸಿ ಹುಡುಗನ ಜೊತೆ ಕೂತು ಅಲ್ಲೇ ಒಳಗೆ ಮಾಡಿದ್ವಿ: ಎನ್‌ಡಿಆರ್ ಬಂದ ಕೂಡಲೇ ಸ್ವೀಕರಿಸೋದನ್ನ ನಿಲ್ಲಿಸು, 50 ಬೈಟನ್ನೂ ಬೇರೆ ಬ್ಲಾಕಿಗೆ ಒಂದೇ ಏಟಿಗೆ ನಕಲು ಮಾಡು, ಒಂದು ಕೌಂಟರ್ ಏರಿಸು, ಮತ್ತೆ ಸ್ವೀಕಾರ ಶುರು ಮಾಡು. ನಕಲಿಗೆ ಎಸ್‌ಎಫ್‌ಸಿ 81 ಬಳಸಿದ್ವಿ, ಅದನ್ನ ಯಾವ ಇಂಟರಪ್ಟೂ ಮಧ್ಯ ತಡೆಯಲ್ಲ. ಡ್ಯಾಶ್‌ಬೋರ್ಡ್ ಈಗ ಎರಡನೇ ಬ್ಲಾಕನ್ನ ಮಾತ್ರ ಓದುತ್ತೆ, ಕೌಂಟರ್ ನೋಡಿ.

ಮರುದಿನ ಮ್ಯಾನೇಜರ್ ರೂಮಿಗೆ ಹೋಗಿ, ತಪ್ಪು ನನ್ನ ಕೋಡಿಂದು ಅಂದೆ. ಬಾಯಿ ಒಣಗಿತ್ತು. ನಾಲ್ಕರಲ್ಲಿ ಮೂರು ಬ್ಯಾಚ್ ಹೀಗೆ ಬಗೆಹರೀತು. ನಾಲ್ಕನೇದು ಮಾತ್ರ ಈ ಲೆಕ್ಕಕ್ಕೆ ಬರಲಿಲ್ಲ. ಕಾಕಾನೇ ನೋಟ್‌ಬುಕ್ ತಿರುವಿ, "ಅವತ್ತ ಚೀಲ ಹರದಿತ್ರಿ ಸಾಹೇಬ್ರ, ಕೈಯಿಂದ ಹಾಕೀನಿ, ಬರದೀನಿ" ಅಂತ ತೋರಿಸಿದ್ರು. ಸಂಬಳ ಹಿಡಿಯಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದ್ರು, ಇನ್ನ ನೋಟ್‌ಬುಕ್ ಬರಿಯೂದು ಬ್ಯಾಡೇನು ಅಂತ. ಬರೀರಿ ಕಾಕಾ, ಅಂದೆ.