ರೇಡಾರ್ ಹೇಳೋ ಮೋಡದ ಎತ್ತರ ಎಷ್ಟು ನಿಜ?

ಬಸರಾಳು ಕಡೆ ಈಗ ಕಣದಲ್ಲಿ ರಾಗಿ ಹರಡೋ ಮುಂಚೆ ಜನ ಆಕಾಶದ ಜೊತೆ ಮೊಬೈಲನ್ನೂ ನೋಡ್ತಾರೆ. ರೇಡಾರ್ ನಕ್ಷೆಯಲ್ಲಿ ಬಣ್ಣ ಇಲ್ಲ ಅಂದ್ರೆ ಮಳೆ ಇಲ್ಲ ಅನ್ನೋ ಧೈರ್ಯ. ಆ ಧೈರ್ಯ ಎಷ್ಟು ಸರಿ, ಇವತ್ತು ನೋಡೋಣ.

ರೇಡಾರ್ ಮೋಡದ ಎತ್ತರವನ್ನ ನೇರವಾಗಿ ಅಳೆಯೋದಿಲ್ಲ, ಲೆಕ್ಕ ಹಾಕುತ್ತೆ. ಅದಕ್ಕೆ ಗೊತ್ತಿರೋದು ಎರಡೇ: ಅಲೆಯನ್ನ ಯಾವ ಕೋನದಲ್ಲಿ ಕಳಿಸಿದ್ದು, ಅದು ಎಷ್ಟು ಹೊತ್ತಿಗೆ ವಾಪಸ್ ಬಂದಿದ್ದು. ಅಲೆ ನೇರವಾಗಿ ಹೋಗಿದ್ರೆ ಲೆಕ್ಕ ಸುಲಭ. ಆದರೆ ನೆಲದ ಹತ್ತಿರ ಗಾಳಿ ದಟ್ಟ, ತೇವಾಂಶವೂ ಜಾಸ್ತಿ. ಅಲ್ಲಿ ರೇಡಿಯೊ ಅಲೆ ಒಂಚೂರು ನಿಧಾನ. ಅದಕ್ಕೇ ಕಿರಣ ಕೆಳಕ್ಕೆ ಬಾಗುತ್ತೆ.

ಹವಾಮಾನ ಇಲಾಖೆಯ ಚೆನ್ನೈ ಡಾಪ್ಲರ್ ರೇಡಾರ್ 2002ರಿಂದ ಇದೆ. ಅಲ್ಲಿಂದ ಬಸರಾಳಿಗೆ ನೇರ ಗೆರೆ ಎಳೆದರೆ ಸುಮಾರು 380 ಕಿ.ಮೀ. ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ಕಿರಣ ಬಾಗದೇ ಬಂದಿದ್ರೆ, ಭೂಮಿ ದುಂಡಗಿರೋದ್ರಿಂದ ಇಲ್ಲಿಗೆ ಬರುವಾಗ 14.6 ಕಿ.ಮೀ. ಎತ್ತರದಲ್ಲಿ ಇರ್ತಿತ್ತು. ಬಾಗೋದನ್ನ ಸೇರಿಸಿದ್ರೆ 11.8. ಹತ್ತಿರ ಹತ್ತಿರ ಮೂರು ಕಿ.ಮೀ. ವ್ಯತ್ಯಾಸ! ತಿದ್ದದೇ ಬಿಟ್ಟರೆ ಸಾಧಾರಣ ಗುಡುಗು ಮೋಡವೂ ಭಾರಿ ಮೋಡದ ಹಾಗೆ ಕಾಣುತ್ತೆ.

ತಿದ್ದೋ ಉಪಾಯ ಚೆನ್ನಾಗಿದೆ. ಭೂಮಿಯ ತ್ರಿಜ್ಯ 6,371 ಕಿ.ಮೀ. ಅದನ್ನ ಮೂರನೇ ನಾಲ್ಕರಷ್ಟು, ಅಂದ್ರೆ ಸುಮಾರು 8,495 ಅಂತ ಹಿಗ್ಗಿಸಿ, ಕಿರಣ ನೇರ ಅಂತಲೇ ಲೆಕ್ಕ ಹಾಕ್ತಾರೆ. ಸಾಮಾನ್ಯ ದಿನಗಳಿಗೆ ಅಷ್ಟು ಸಾಕು.

ಎಲ್ಲಾ ದಿನವೂ ಸಾಮಾನ್ಯ ಅಲ್ಲ. ಚಳಿಗಾಲದ ತಿಳಿ ರಾತ್ರಿ ನೆಲ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗೆ, ಒಣಗಿ ಉಳಿಯುತ್ತೆ. ಆಗ ಕಿರಣ ಇನ್ನೂ ಜಾಸ್ತಿ ಬಾಗಿ ಬೆಟ್ಟಗುಡ್ಡಕ್ಕೆ ಬಡಿಯಬಹುದು. ಮಳೆಯೇ ಇಲ್ಲದ ಕಡೆ ಬಣ್ಣ ಬೀಳುತ್ತೆ. ಬೆಟ್ಟ ಓಡಾಡಲ್ಲವಲ್ಲ, ಡಾಪ್ಲರ್ ವೇಗ ನೋಡಿ ಅಂಥದ್ದನ್ನ ಬಹುಮಟ್ಟಿಗೆ ತೆಗೆದುಹಾಕ್ತಾರೆ. ಎತ್ತರವನ್ನ ಸರಿಮಾಡೋಕೆ ಬಲೂನು ಹಾರಿಸಿ ಅಳೆದ ತಾಪ, ತೇವ, ಒತ್ತಡ ಬೇಕು.

ಕೊನೆಗೆ ಒಂದು ಮಾತು. ಲೆಕ್ಕ ಎಷ್ಟೇ ಸರಿ ಮಾಡಿದ್ರೂ ಆ ಕಿರಣ ನಮ್ಮ ತಲೆ ಮೇಲೆ ಹನ್ನೊಂದು ಕಿ.ಮೀ. ಎತ್ತರದಲ್ಲೇ ಹೋಗೋದು. ಅದರ ಕೆಳಗಿನ ಮೋಡ ಸುರಿದು ಹೋದರೂ ಅದಕ್ಕೆ ಕಾಣಲ್ಲ. ಅದಕ್ಕೇ ನಕ್ಷೆ ನೋಡುವಾಗ ರೇಡಾರ್ ಎಷ್ಟು ದೂರದ್ದು ಅಂತಲೂ ನೋಡಿ, ಉಪಗ್ರಹ ಚಿತ್ರ ನೋಡಿ, ಮೂಡಲ ಕಡೆ ಕಪ್ಪಾಗಿದೆಯಾ ನೋಡಿ. ಟಾರ್ಪಾಲು ಕಣದ ಪಕ್ಕದಲ್ಲೇ ಇರಲಿ.